ಮಳೆ ಶುರುವಾದ ಮೇಲೆ ಸಿಕ್ಲಿಡ್ ಟ್ಯಾಂಕಿನ ಪಿಎಚ್ 6ಕ್ಕೆ ಬಿದ್ದಿದೆ, ಅಡುಗೆ ಸೋಡಾ ಹಾಕಲಾ?

ಮಂಡಗದ್ದೆಯವ

ಎಲ್ಲರಿಗೂ ನಮಸ್ಕಾರ. ಟ್ಯಾಂಕ್ 4 ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಕಲ್ಲು, ಮರಳು ಕಳೆದರೆ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಮೀನು ಎಲ್ಲಾ ಆಫ್ರಿಕಾದ ಮಲಾವಿ ಸರೋವರದ ಎಂಬೂನಾ, ಅಂದರೆ ಕಲ್ಲಿನ ಸಂದಿಯಲ್ಲಿ ಬದುಕೋ ಸಿಕ್ಲಿಡ್: ಎಲ್ಲೋ ಲ್ಯಾಬ್, ರೆಡ್ ಜೀಬ್ರಾ, ಡೆಮಸೋನಿ, ಒಟ್ಟು 22. ಟ್ಯಾಂಕಿನ ಹೊರಗಿಡೋ ಒಂದು ಕ್ಯಾನಿಸ್ಟರ್ ಫಿಲ್ಟರ್, ಜೊತೆಗೊಂದು ಸ್ಪಂಜ್ ಫಿಲ್ಟರ್. ನೀರು ಮನೆ ಬಾವಿದು. ಕಲ್ಲುಗಳು ಹೊಳೆದಂಡೆಯವು.

ಬೇಸಿಗೆ ಮುಗಿಯೋವರೆಗೂ ಏನೂ ತೊಂದರೆ ಇರಲಿಲ್ಲ. ಈಗ ಲ್ಯಾಬ್‌ಗಳ ಹಳದಿ ಮಾಸಿದೆ. ರೆಕ್ಕೆ ಮಡಚಿಕೊಂಡು ಹೀಟರ್ ಹಿಂದೆ ಗುಂಪಾಗಿ ನಿಲ್ಲುತ್ತವೆ. ಆಗಾಗ ಕಲ್ಲಿಗೆ ಮೈ ಉಜ್ಜುತ್ತವೆ, ಆದರೆ ಬಿಳಿ ಚುಕ್ಕೆ ಎಲ್ಲೂ ಕಾಣುತ್ತಿಲ್ಲ. ಊಟ ಹಾಕಿದರೆ ಬರುತ್ತವೆ, ಮೊದಲಿನಂತೆ ಮುಗಿಬೀಳಲ್ಲ.

ಟೆಸ್ಟ್ ಮಾಡಿದೆ. ಪಿಎಚ್ 6, ಚಾರ್ಟ್ ಅದಕ್ಕಿಂತ ಕೆಳಗೆ ಹೋಗಲ್ಲ. ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ (ಪಿಪಿಎಂ), ಮುಂದಿನವೂ ಅದೇ ಲೆಕ್ಕ. ನೈಟ್ರೈಟ್ ಸೊನ್ನೆ. ನೈಟ್ರೇಟ್ 40ಕ್ಕಿಂತ ಮೇಲಿದೆ, ಎಷ್ಟು ಅಂತ ಆ ಕೆಂಪು ಬಣ್ಣಗಳಲ್ಲಿ ಗೊತ್ತಾಗಲ್ಲ. ಅಂಗಡಿಯವರು ಇನ್ಫೆಕ್ಷನ್ ಅಂದು ಒಂದು ನೀಲಿ ಔಷಧಿ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ವಿಡಿಯೋಗಳಲ್ಲಿ ಅಡುಗೆ ಸೋಡಾ ಹಾಕಿ ಪಿಎಚ್ 8 ಮಾಡಿ ಅಂತಾರೆ. ಅಪ್ಪ, ತೋಟಕ್ಕೆ ತಂದ ಸುಣ್ಣ ಇದೆಯಲ್ಲ, ಅದನ್ನೇ ಒಂದು ಚಿಟಿಕೆ ಹಾಕು ಅಂತಾರೆ. ಎಂತ ಮಾಡೋದು?

ಬಾವಿಕಟ್ಟೆ

ಮಾರಾಯ್ರೆ, ಇವತ್ತು ಸೋಡಾ ಹಾಕಬೇಡಿ. ಸುಣ್ಣ ಅಂತೂ ಬೇಡವೇ ಬೇಡ. ನೀಲಿ ಔಷಧಿಯೂ ಹಾಗೇ ಇರಲಿ. ಅದು ಮೆಥಿಲೀನ್ ಬ್ಲೂ ಆಗಿದ್ದರೆ ಫಿಲ್ಟರಿನಲ್ಲಿ ಉಳಿದಿರೋ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಊಟ ನಿಲ್ಲಿಸಿ, ಬೆಳೆದ ಮೀನಿಗೆ ಎರಡು ಮೂರು ದಿನ ಉಪವಾಸ ಏನೂ ಅಲ್ಲ. ಕೆಎಚ್ (ಆಮ್ಲ ತಡೆಯೋ ನೀರಿನ ಶಕ್ತಿ) ಟೆಸ್ಟ್ ಸಿಕ್ಕರೆ ಟ್ಯಾಂಕಿನ ನೀರು, ಬಾವಿ ನೀರು ಎರಡನ್ನೂ ನೋಡಿ ಹಾಕಿ. ಕಾಲು ಭಾಗ ನೀರು ಇವತ್ತೇ ಬದಲಾಯಿಸಿ, ಬರೀ ಬಾವಿ ನೀರು, ಬೇರೆ ಏನೂ ಸೇರಿಸದೆ. ಬಕೆಟ್‌ನಲ್ಲಿ ಬಿಸಿನೀರು ಬೆರೆಸಿ ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿಕೊಳ್ಳಿ.

ಮಂಡಗದ್ದೆಯವ

ಕಿಟ್ ತರಿಸಿದೆ. ಟ್ಯಾಂಕ್ ನೀರಿಗೆ ಮೊದಲ ಹನಿ ಬಿದ್ದ ಕೂಡಲೇ ಹಳದಿ. ನೀಲಿ ಬರಲೇ ಇಲ್ಲ. ಬಾವಿ ನೀರು ಒಂದನೇ ಹನಿಗೆ ನೀಲಿ, ಎರಡನೆಯದಕ್ಕೆ ಹಳದಿ. ಕಿಟ್ ಹಳೇದಾ?

ಬಾವಿಕಟ್ಟೆ

ಕಿಟ್ ಸರಿಯಾಗಿದೆ. ಹಳದಿಯಾಗೋಕೆ ಎಷ್ಟು ಹನಿ ಬೇಕೋ ಹೆಚ್ಚುಕಡಿಮೆ ಅಷ್ಟು ಡಿಗ್ರಿ ಕೆಎಚ್. ನಿಮ್ಮ ಟ್ಯಾಂಕಿನಲ್ಲಿ ಕೆಎಚ್ ಖಾಲಿ. ಪಿಎಚ್ ಬಿದ್ದಿದ್ದು ಅದರಿಂದಲೇ.

ಕೆಎಚ್ ಅಂದರೆ ನೀರಿನಲ್ಲಿರೋ ಕಾರ್ಬೊನೇಟ್, ಬೈಕಾರ್ಬೊನೇಟ್. ಆಮ್ಲ ಹುಟ್ಟಿದ ಹಾಗೆಲ್ಲ ಅದನ್ನು ನುಂಗಿ ಪಿಎಚ್ ಹಿಡಿದಿಡೋದು ಇದೇ. ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಲೆಕ್ಕ ಹಾಕಿದರೆ ಟ್ಯಾಂಕಿನಲ್ಲಿ ನೈಟ್ರೇಟ್ 11 ಏರೋ ಹೊತ್ತಿಗೆ ಒಂದು ಡಿಗ್ರಿ ಕೆಎಚ್ ಹೋಗಿರುತ್ತದೆ. ನಿಮ್ಮದು 40 ದಾಟಿದೆ, ಅಂದರೆ ಮೂರೂವರೆ ಡಿಗ್ರಿಗೂ ಜಾಸ್ತಿ ಖರ್ಚು. ಬಾವಿ ಕೊಡುತ್ತಿರೋದು ಒಂದೋ ಎರಡೋ. ಎಲ್ಲಿಂದ ಸಾಲಬೇಕು?

ಬೇಸಿಗೆಯಲ್ಲಿ ಬಾವಿ ತಳ ಸೇರಿದಾಗ ನೀರಲ್ಲಿ ಲವಣ ಸ್ವಲ್ಪ ಜಾಸ್ತಿ ಇರುತ್ತದೆ, ಹಾಗಾಗಿ ಹೇಗೋ ನಡೆದಿರುತ್ತದೆ. ಜೂನ್ ಬಂದು ಬಾವಿ ತುಂಬಿದರೆ ಅದರಲ್ಲಿ ಅರ್ಧ ಮಳೆನೀರೇ. ನಮ್ಮ ಕಡೆ ಮಣ್ಣು ಜಂಬಿಟ್ಟಿಗೆ, ಅಡಿಯಲ್ಲಿ ಕರಿಕಲ್ಲು. ಸುಣ್ಣದ ಅಂಶ ಎಲ್ಲಿಂದ ಬರಬೇಕು? ಮಲಾವಿ ಸರೋವರದ ಪಿಎಚ್ ಹೆಚ್ಚುಕಡಿಮೆ 7.7ರಿಂದ 8.6. ಟಾಂಗನಿಕಾ ಇನ್ನೂ ಗಡಸು, 9ರ ಹತ್ತಿರ. ಮಲೆನಾಡಿನ ಬಾವಿಗೂ ಆ ನೀರಿಗೂ ಹೋಲಿಕೆಯೇ ಇಲ್ಲ.

ಸೋಡಾ ಇವತ್ತೇ ಬೇಡ ಅಂದಿದ್ದಕ್ಕೆ ಕಾರಣ ಹೇಳ್ತೀನಿ, ಇದು ಮುಖ್ಯ. ಪಿಎಚ್ 6ರ ಸುತ್ತ ಬಂದರೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತವೆ. ಅದಕ್ಕೇ ಅಮೋನಿಯಾ 2 ತೋರಿಸುತ್ತಿರೋದು. ಆದರೂ ಮೀನು ಬದುಕಿವೆ. ಯಾಕೆ? ಆ ಪಿಎಚ್‌ನಲ್ಲಿ ಅದು ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 6 ಇದ್ದರೆ ವಿಷದ ರೂಪದಲ್ಲಿರೋದು ಶೇ. 0.06ರ ಆಸುಪಾಸು. ಪಿಎಚ್ 8ಕ್ಕೆ ಹೋದರೆ ಶೇ. 5ಕ್ಕೂ ಜಾಸ್ತಿ. ನೀವು ಒಂದು ಮುಷ್ಟಿ ಸೋಡಾ ಸುರಿದರೆ, ಇರೋ ಅಮೋನಿಯಾವೇ ರಾತ್ರಿ ಕಳೆಯೋದರೊಳಗೆ ಸುಮಾರು ನೂರು ಪಟ್ಟು ವಿಷವಾಗುತ್ತದೆ. "ಪಿಎಚ್ ಸರಿ ಮಾಡಿದೆ, ಬೆಳಿಗ್ಗೆ ಎಲ್ಲಾ ಸತ್ತಿದ್ವು" ಅನ್ನೋ ದೂರುಗಳು ಬರೋದು ಹೀಗೇ.

ಹಾಗಾಗಿ ಮೊದಲು ಅಮೋನಿಯಾ ಇಳಿಯಲಿ. ದಿನಾ ಕಾಲು ಭಾಗ ನೀರು ಬದಲಾಯಿಸಿ, ಅಮೋನಿಯಾ 0.5ಕ್ಕಿಂತ ಕೆಳಗೆ ಬರೋವರೆಗೂ. ಆಮೇಲೆ ಸೋಡಾ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ನಿಮ್ಮ 200 ಲೀಟರಿಗೆ 6 ಗ್ರಾಂ, ಆದರೆ ಮೊದಲ ಎರಡು ದಿನ 3 ಗ್ರಾಂ ಸಾಕು. ಕೆಎಚ್ ಒಂದು ಬಂದರೂ ಪಿಎಚ್ 7ರ ಹತ್ತಿರ ನೆಗೆಯುತ್ತದೆ, ಅದಕ್ಕೇ ಈ ನಿಧಾನ. ಒಂದು ಚೊಂಬು ನೀರಲ್ಲಿ ಕರಗಿಸಿ ಫಿಲ್ಟರ್ ನೀರು ಬೀಳೋ ಜಾಗಕ್ಕೆ ಹಾಕಿ. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ತೊಳೆಯೋ ಸೋಡಾ ಬೇರೆ. ಪೊಟ್ಟಣ ನೋಡಿ ತನ್ನಿ.

ಸುಣ್ಣದ ವಿಷಯ: ನೀರಲ್ಲಿ ಕರಗಿದರೆ ಪಿಎಚ್ 12ರವರೆಗೂ ಎಳೆಯೋ ಸಾಮಾನು ಅದು. ಒಂದು ಚಿಟಿಕೆಗೆ ಎಷ್ಟು ಏರುತ್ತದೆ ಅಂತ ಹಿಡಿತ ಸಿಗಲ್ಲ. ಅಪ್ಪನಿಗೆ ತೋಟಕ್ಕೇ ಇಟ್ಟುಕೊಳ್ಳಲು ಹೇಳಿ.

ಭದ್ರಾವತಿ ಬೋರು

ನಮ್ಮ ಬೋರ್ ನೀರಿನ ಕೆಎಚ್ 12 ಇದೆ, ಇದ್ಯಾವುದೂ ಮಾಡದೆ ಎಂಬೂನಾ ಮರಿ ಹಾಕ್ತಿವೆ. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ಹೆಣ್ಣು ಈಗಲೂ ಮೂರಿವೆ. ಒಂದೇ ಜಿಲ್ಲೆ, ನೀರು ನೋಡಿ! ಸುಮ್ನೆ ಕೇಳ್ತೀನಿ, ಮಂಡಗದ್ದೆಯಂಥ ಜಾಗದಲ್ಲಿ ಮೆದು ನೀರಿನ ಮೀನು ಏಂಜಲ್, ಟೆಟ್ರಾ ಸಾಕಿದರೆ ಈ ತಲೆನೋವೇ ಇರಲ್ಲ ಅಲ್ವಾ?

ಬಾವಿಕಟ್ಟೆ

ಇರಲ್ಲ. ಹೊಸದಾಗಿ ಶುರು ಮಾಡೋರಿಗೆ ನಾನೂ ಅದನ್ನೇ ಹೇಳ್ತೀನಿ. ಆದರೆ ಇವರ ಹತ್ತಿರ ಆಗಲೇ 22 ಮೀನು ಇವೆಯಲ್ಲ. ಮತ್ತೆ ಎಂಬೂನಾ ಜಗಳಗಂಟಿ ಜಾತಿ. ಒಂದೇ ಮೀನಿಗೆ ಏಟು ಬೀಳದಿರಲಿ ಅಂತ ಬೇಕಂತಲೇ ಜಾಸ್ತಿ ಮೀನು ಬಿಡ್ತೀವಿ. ಮೀನು ಜಾಸ್ತಿ ಆದರೆ ಹೊಲಸು ಜಾಸ್ತಿ, ಕೆಎಚ್ ಕರಗೋದೂ ಬೇಗ. ಬೋರ್ ನೀರಿನವರಿಗೆ ಇದು ಗೊತ್ತೇ ಆಗಲ್ಲ.

ಸೋಗಾನೆ ಗಾಜು

ಆ ಹೊಳೆಕಲ್ಲುಗಳಿಂದ ನೀರು ಗಡಸಾಗುತ್ತದೆ ಅಂತ ನಂಬಬೇಡಿ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು, ಕಿವಿ ಹತ್ತಿರ ಇಟ್ಟು ನೋಡಿ. ಸುಣ್ಣದಕಲ್ಲಾದರೆ ಸಣ್ಣಗೆ ಚುರ್ ಅನ್ನುತ್ತದೆ, ಗುಳ್ಳೆ ಏಳುತ್ತದೆ. ನಮ್ಮ ಹೊಳೆಯ ಕರಿಕಲ್ಲಿನ ಮೇಲೆ ಹನಿ ಹಾಗೇ ಕೂತಿರುತ್ತದೆ. ಮೀನು ಅಡಗಿಕೊಳ್ಳೋಕೆ ಅದು ಒಳ್ಳೆ ಕಲ್ಲೇ, ಅಷ್ಟೇ.

ಮುಂದಕ್ಕೆ ಕ್ಯಾನಿಸ್ಟರ್‌ನ ಒಂದು ತಟ್ಟೆಯಲ್ಲಿ ಜಜ್ಜಿದ ಹವಳ, ಅಂದರೆ ಕ್ರಶ್ಡ್ ಕೋರಲ್, ಬಲೆಚೀಲದಲ್ಲಿ ಇಡಿ. ಸಿಗದಿದ್ದರೆ ಮಲ್ಪೆ, ಮುರುಡೇಶ್ವರದ ಕಡೆ ಹೋದಾಗ ಖಾಲಿ ಚಿಪ್ಪು ತಂದು, ತಿಕ್ಕಿ ತೊಳೆದು, ಕುದಿಸಿ, ಕುಟ್ಟಿ ಹಾಕಿ. ಪಿಎಚ್ ಇಳಿದಾಗ ಬೇಗ ಕರಗುತ್ತದೆ, ಏರಿದಾಗ ಸುಮ್ಮನಿರುತ್ತದೆ. ಮೇಲೆ ಲೋಳೆ ಕಟ್ಟಿದರೆ ಕೆಲಸ ಮಾಡಲ್ಲ, ಆಗಾಗ ತೊಳೆಯಬೇಕು. ಸೋಡಾದಿಂದ ಕ್ಯಾಲ್ಸಿಯಂ ಬರಲ್ಲ, ಇದರಿಂದ ಬರುತ್ತದೆ. ಮೆಗ್ನೀಸಿಯಂಗೆ ಎಪ್ಸಮ್ ಸಾಲ್ಟ್, 100 ಲೀಟರಿಗೆ ನಾಲ್ಕೂವರೆ ಗ್ರಾಂ ಹಾಕಿದರೆ ಜಿಎಚ್, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂನ ಗಡಸುತನ, ಒಂದು ಡಿಗ್ರಿ ಏರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ.

ಇನ್ನೊಂದು, ಕರೆಂಟ್. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮರುದಿನವೇ ಬರೋದು. ಕ್ಯಾನಿಸ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಹಾಗೇ ಆನ್ ಮಾಡಬೇಡಿ. ಒಳಗಿನ ನೀರು ಕೊಳೆತ ವಾಸನೆ ಹೊಡೆಯುತ್ತಿರುತ್ತದೆ. ಅದನ್ನು ಚೆಲ್ಲಿ, ಸ್ಪಂಜನ್ನು ಟ್ಯಾಂಕ್ ನೀರಲ್ಲೇ ಅದ್ದಿ ತೆಗೆದು, ಆಮೇಲೆ ಹಚ್ಚಿ. ಸ್ಪಂಜ್ ಫಿಲ್ಟರಿನ ಏರ್ ಪಂಪ್ ಯುಪಿಎಸ್‌ಗೆ ಹಾಕಿ, ನಾಲ್ಕೈದು ವ್ಯಾಟ್ ಅಷ್ಟೇ ಎಳೆಯೋದು. ಹೀಟರ್ ಅದಕ್ಕೆ ಹಾಕಿದರೆ ಬ್ಯಾಟರಿ ಕೂತುಬಿಡುತ್ತದೆ. ಬದಲಿಗೆ ಮೂರು ಬದಿಗೆ ಥರ್ಮಾಕೋಲ್ ಅಂಟಿಸಿ.

ಮಂಡಗದ್ದೆಯವ

ಹೇಳಿದ ಹಾಗೇ ಮಾಡಿದೆ. ಅಮೋನಿಯಾ 0.25ಕ್ಕೆ ಇಳಿದ ಮೇಲೆ ಸೋಡಾ ಶುರು ಮಾಡಿದೆ. ಈಗ ಕೆಎಚ್ 6, ಪಿಎಚ್ 7.8, ಅಮೋನಿಯಾ ಸೊನ್ನೆ. ಒಂದು ರೆಡ್ ಜೀಬ್ರಾ ಉಳಿಯಲಿಲ್ಲ. ಉಳಿದವು ಕಲ್ಲಿನ ಪಾಚಿ ಕೆರೆದು ತಿನ್ನೋಕೆ ಶುರು ಮಾಡಿವೆ. ಡೆಮಸೋನಿ ಮತ್ತೆ ಎಲ್ಲರನ್ನೂ ಅಟ್ಟಿಸಿಕೊಂಡು ಓಡಾಡ್ತಿದೆ.

ಎರಡು ಪ್ರಶ್ನೆ. ಊಟ ಏನು ಕೊಡಲಿ? ಮೊದಲು ವಾರಕ್ಕೆರಡು ಸಲ ಬ್ಲಡ್‌ವರ್ಮ್ (ಕೆಂಪು ಹುಳ) ಹಾಕುತ್ತಿದ್ದೆ. ಇನ್ನೊಂದು, ಬದಲಾಯಿಸೋ ನೀರನ್ನು ಡ್ರಮ್ಮಿನಲ್ಲಿ ಮೊದಲೇ ಬೆರೆಸಿಟ್ಟುಕೊಳ್ಳೋಣ ಅಂತ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವಾಗ ಬಳಸೋ ನೀಲಿ ಡ್ರಮ್ ಇದೆ, ಚೆನ್ನಾಗಿ ತೊಳೆದರೆ ಆಗಲ್ವಾ?

ಬಾವಿಕಟ್ಟೆ

ಬ್ಲಡ್‌ವರ್ಮ್ ಬಿಡಿ. ಎಂಬೂನಾ ಬಹುಪಾಲು ಪಾಚಿ ತಿನ್ನೋ ಮೀನು, ಕರುಳು ಉದ್ದ. ಮಾಂಸ ಜಾಸ್ತಿಯಾದರೆ ಹೊಟ್ಟೆ ಉಬ್ಬಿ ಸಾಯಬಹುದು. ಸ್ಪಿರುಲಿನಾ (ಒಂಥರಾ ಪಾಚಿ) ಗುಳಿಗೆ ಕೊಡಿ, ದಿನಕ್ಕೆ ಒಂದೇ ಸಲ, ಒಂದೆರಡು ನಿಮಿಷದಲ್ಲಿ ಮುಗಿಯೋಷ್ಟು.

ಡ್ರಮ್ಮಿನಲ್ಲಿ ಬೆರೆಸಿಡೋ ಯೋಚನೆ ಒಳ್ಳೇದು. 50 ಲೀಟರಿಗೆ 10 ಗ್ರಾಂ ಸೋಡಾ, 13 ಗ್ರಾಂ ಎಪ್ಸಮ್ ಸಾಲ್ಟ್ ಹಾಕಿ, ಏರ್‌ಸ್ಟೋನ್ ಬಿಟ್ಟು ಒಂದು ರಾತ್ರಿ ಇಡಿ. ನಿಮ್ಮ ಬಾವಿ ನೀರಿಗೆ ಕೆಎಚ್ 8ರ ಹತ್ತಿರ ಬರುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ಬದಲಾಯಿಸಿ, ಅದಕ್ಕೆ ಮುಂಚೆ ಟ್ಯಾಂಕಿನ ಕೆಎಚ್ ನೋಡಿ. ಪಿಎಚ್ ಬೀಳೋದಕ್ಕೆ ವಾರಗಳ ಮೊದಲೇ ಕೆಎಚ್ ಇಳಿಯೋಕೆ ಶುರುವಾಗಿರುತ್ತದೆ.

ಆ ನೀಲಿ ಡ್ರಮ್ ಮಾತ್ರ ಬೇಡ. ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಕಲಸಿದ್ದು ತಾನೇ? ಮೈಲುತುತ್ತ ಅಂದರೆ ತಾಮ್ರ, ಮೀನಿಗೆ ವಿಷ, ಮೆದು ನೀರಲ್ಲಿ ಇನ್ನೂ ಜಾಸ್ತಿ ವಿಷ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಕೂತ ಕಲೆ ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಅದೇ ಕೋಲು, ಅದೇ ಮಗ್ಗು ಕೂಡ ಬೇಡ. ಹೊಸ ಡ್ರಮ್ ತಗೊಳ್ಳಿ, ಮೇಲೆ ಮೀನಿನ ಚಿತ್ರ ಬರೆದಿಡಿ, ಇಲ್ಲದಿದ್ದರೆ ಮುಂದಿನ ಸಲ ಔಷಧಿ ಹೊಡೆಯೋಕೆ ಬಂದವರು ಅದನ್ನೇ ಎತ್ತಿಕೊಂಡು ಹೋಗ್ತಾರೆ. ಕೊಳೆರೋಗಕ್ಕೆ ಎರಡನೇ ಸಲ ಹೊಡೆಯೋ ದಿನ ಬಾವಿ ಮೇಲೆ ಟಾರ್ಪಾಲ್ ಹಾಕೋಕೆ ಅಪ್ಪನಿಗೆ ಹೇಳಿ.