ಮಣ್ಣಿಲ್ಲದೆ ಆಲೂಗೆಡ್ಡೆ ಬೀಜ: ಹಾಸನದಲ್ಲಿ ನಮಗೆ ಆಗುತ್ತಾ?

ಶಾಂತಿಗ್ರಾಮದ ಹೊಲ
ಹೋದ ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಬೀಜದ ಗೆಡ್ಡೆ ಅಂತ ತಂದು, ಹೆಚ್ಚಿ ನೆಟ್ಟೆ. ಅರ್ಧ ಹುಟ್ಟಲೇ ಇಲ್ಲ. ಕೆದಕಿ ನೋಡಿದರೆ ತುಂಡೆಲ್ಲ ಕೊಳೆತು ನೀರಾಗಿತ್ತು, ಆ ವಾಸನೆ ಸೋಪು ಹಾಕಿ ತೊಳೆದರೂ ಕೈ ಬಿಡಲಿಲ್ಲ. ಉಳಿದದ್ದು ಎಲೆ ಕಪ್ಪಾಗಿಸುವ ಅಂಗಮಾರಿ ರೋಗಕ್ಕೆ ಹೋಯಿತು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ಬೇರನ್ನು ಗಾಳಿಯಲ್ಲಿ ನೇತುಬಿಟ್ಟು ಬೀಜ ಬೆಳೆಸುತ್ತಾರಂತೆ, ನಿಜವಾ? ಸಣ್ಣದಾಗಿ ಮನೆ ಹತ್ತಿರ ಮಾಡಬಹುದಾ?

ನರ್ಸರಿ ಹುಡುಗ
ನಿಜ, ಏರೋಪೋನಿಕ್ಸ್ ಅಂತಾರೆ. ಟಿಶ್ಯೂ ಕಲ್ಚರ್‌ನಲ್ಲಿ ಬೆಳೆಸಿದ, ಅಂದರೆ ಲ್ಯಾಬಿನಲ್ಲಿ ಗಿಡದ ಚೂರಿನಿಂದ ಬರಿಸಿದ, ವೈರಸ್ ಇಲ್ಲದ ಸಸಿಯನ್ನು ಪೆಟ್ಟಿಗೆ ಮುಚ್ಚಳದ ತೂತಿನಲ್ಲಿ ಕೂರಿಸುತ್ತಾರೆ. ಎಲೆ ಮೇಲೆ ಬೆಳಕಲ್ಲಿ, ಬೇರು ಒಳಗೆ ಕತ್ತಲಲ್ಲಿ. ಗೊಬ್ಬರದ ನೀರು ಇಬ್ಬನಿ ಥರ ಆಗಾಗ ಬೇರಿಗೆ ಬೀಳುತ್ತದೆ. ಗೋಲಿ ಗಾತ್ರದ ಗೆಡ್ಡೆ ಅಲ್ಲೇ ನೇತಾಡುತ್ತಿರುತ್ತವೆ, ಬಲಿತದ್ದನ್ನು ಮಾತ್ರ ಕಿತ್ತು ಉಳಿದದ್ದನ್ನು ಬೆಳೆಯಲು ಬಿಡುತ್ತಾರೆ, ಹಾಗಾಗಿ ಒಂದೇ ಗಿಡದಿಂದ ಮತ್ತೆ ಮತ್ತೆ ಸಿಗುತ್ತದೆ. ಆದರೆ ಎಲ್ಲ ನಿಂತಿರುವುದು ಪಂಪಿನ ಮೇಲೆ. ನಮ್ಮೂರಿನ ಕರೆಂಟು ಗೊತ್ತಲ್ಲ! ಪಂಪು ನಿಂತರೆ ಬೇರು ಒಣಗುತ್ತದೆ. ಸುಮ್ನೆ ದುಡ್ಡು ಹಾಕಬೇಡಿ.

ಆಲೂರು ಕಡೆಯವಳು
ಅಣ್ಣ, ಬೀಜ ಬಿಟ್ಟು ಸಸಿ ನೆಡಿ. ನಮ್ಮ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ಕೇಳಿ ನೋಡಿ. ಟಿಶ್ಯೂ ಕಲ್ಚರ್ ಗಿಡದ ಕುಡಿ ಚಿವುಟಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಟ್ರೇಯಲ್ಲಿ ಬೇರು ಬರಿಸುತ್ತಾರೆ, ನೋಡೋಕೆ ಟೊಮೇಟೊ ಸಸಿ ಇದ್ದ ಹಾಗೆ. ನಾನು ಎರಡು ಟ್ರೇ ನೆಟ್ಟಿದ್ದೆ. ಮೊದಲ ವಾರ ಮದುವೆಗೆ ಹೋಗಿ ನೀರು ತಪ್ಪಿ ಒಂದು ಸಾಲು ಸುಟ್ಟೇ ಹೋಯಿತು, ಅದು ನನ್ನ ತಪ್ಪು. ಉಳಿದ ಗಿಡ ಕಿತ್ತಾಗ ಒಂದೊಂದರಲ್ಲಿ ಹತ್ತರ ಮೇಲೆ ಗೆಡ್ಡೆ. ಮಾರಲಿಲ್ಲ, ಬೀಜಕ್ಕೇ ಇಟ್ಟುಕೊಂಡೆ. ಸಣ್ಣ ಗೆಡ್ಡೆ ಆದ್ದರಿಂದ ಹೆಚ್ಚುವ ಕೆಲಸವೂ ಇಲ್ಲ, ಕೊಳೆಯುವ ಭಯವೂ ಕಡಿಮೆ.

ಹಳೇ ಗೆಡ್ಡೆ
ಸಸಿಯಿಂದ ಬೀಜದ ಜೊತೆ ಬರುವ ರೋಗ ತಪ್ಪುತ್ತದೆ, ಗಾಳಿಯಲ್ಲಿ ಬರುವ ಅಂಗಮಾರಿ ತಪ್ಪಲ್ಲ. ಪಂಜಾಬಿನವರು ಚಳಿಗಾಲದಲ್ಲಿ ಬೆಳೆದರೆ ನಾವು ಮುಂಗಾರಿನಲ್ಲಿ, ಮೋಡ ಜಡಿ ಎರಡೂ ಆ ರೋಗಕ್ಕೆ ಹಬ್ಬ. ಕುಫ್ರಿ ಜ್ಯೋತಿ 1968ರ ತಳಿ. ಆಗ ಅಂಗಮಾರಿ ತಡೆಯುತ್ತಿತ್ತು, ಈಗ ಆ ಶಕ್ತಿ ಹೋಗಿದೆ. ಕುಫ್ರಿ ಹಿಮಾಲಿನಿ ಇದಕ್ಕಿಂತ ತಾಳುತ್ತದೆ. ಯಾವ ತಳಿಯಾದರೂ ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕವನ್ನು ಎಲೆ ಮೇಲೆ ಚುಕ್ಕೆ ಕಾಣುವ ಮೊದಲೇ ಹೊಡೆಯಬೇಕು, ಕಂಡ ಮೇಲೆ ಓಡಾಡಿದರೆ ತಡವಾಯಿತು.

ಶಾಂತಿಗ್ರಾಮದ ಹೊಲ
ಸರಿ, ಪೆಟ್ಟಿಗೆ ಆಸೆ ಬಿಟ್ಟೆ. ಅಕ್ಕಾ, ಸಸಿಗೆ ಎಷ್ಟು ದಿನ ಮೊದಲು ಹೇಳಬೇಕು? ಮದುವೆ ಸೀಸನ್ ನೋಡಿಕೊಂಡು ನೆಡುತ್ತೇನೆ.