ಬೆಂಗಳೂರಿನ 32 ಲಕ್ಷ, ಮ್ಯೂನಿಕ್‌ನ 72 ಸಾವಿರ ಯೂರೋ: ಹೋಲಿಸುವುದು ಹೇಗೆ?

ಹೇಮಾವತಿ_ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬ್ಯಾಕೆಂಡ್ ಎಂಜಿನಿಯರ್. ಏಳು ವರ್ಷಗಳ ಅನುಭವವಿದೆ. ಈಗಿನ ಸಿಟಿಸಿ (ಕಂಪನಿ ನನಗಾಗಿ ಮಾಡುವ ಒಟ್ಟು ವಾರ್ಷಿಕ ವೆಚ್ಚ) 32 ಲಕ್ಷ ರೂಪಾಯಿ, ಅದರಲ್ಲಿ 3 ಲಕ್ಷ ವೇರಿಯಬಲ್, ಅಂದರೆ ಸಾಧನೆ ನೋಡಿ ಕೊಡುವ ಭಾಗ. ಮ್ಯೂನಿಕ್‌ನ ಒಂದು ಕಂಪನಿ ವರ್ಷಕ್ಕೆ 72,000 ಯೂರೋ ಕೊಡುವುದಾಗಿ ಆಫರ್ ಕಳುಹಿಸಿದೆ. ಪತ್ನಿ ಇಲ್ಲಿಯೇ ಟೆಸ್ಟಿಂಗ್ ಕೆಲಸದಲ್ಲಿದ್ದಾರೆ, ಅವರ ಸಿಟಿಸಿ 14 ಲಕ್ಷ. ನಾಲ್ಕು ವರ್ಷದ ಮಗಳಿದ್ದಾಳೆ. ಹಾಸನದಲ್ಲಿ ಅಪ್ಪ ಅಮ್ಮ ಇದ್ದಾರೆ, ಅಲ್ಲಿನ ಮನೆಯ ಸಾಲದ ಕಂತು ನನ್ನ ಹೆಸರಿನಲ್ಲಿದೆ.

ನನ್ನ ಗೊಂದಲ ಇಷ್ಟೇ. ಯೂರೋಗೆ 100 ರೂಪಾಯಿ ಎಂದು ಹಿಡಿದರೆ ಈ ಆಫರ್ 72 ಲಕ್ಷವಾಗುತ್ತದೆ, ಅಂದರೆ ಈಗಿನ ಸಂಬಳದ ಎರಡು ಪಟ್ಟಿಗಿಂತ ಹೆಚ್ಚು. ಕೊಳ್ಳುವ ಶಕ್ತಿಯ ಆಧಾರದ ಮೇಲೆ ಲೆಕ್ಕ ಹಾಕುವ ಒಂದು ಜಾಲತಾಣದಲ್ಲಿ ಅದೇ ಮೊತ್ತವನ್ನು ಹಾಕಿದಾಗ, ಇದು ಭಾರತದ ಸುಮಾರು 20 ಲಕ್ಷಕ್ಕೆ ಸಮ ಎಂದು ಬಂತು. ಒಂದೇ ಆಫರ್ ಒಂದು ಕಡೆ ದುಪ್ಪಟ್ಟು, ಇನ್ನೊಂದು ಕಡೆ ಸಂಬಳ ಕಡಿತ. ಯಾವುದನ್ನು ನಂಬಬೇಕು? ಕಾಲೇಜಿನ ಗೆಳೆಯರು ಬೇರೆ, ಯುರೋಪಿನ ಸಂಬಳ ಒಂದು ಸಂಬಳವೇ ಅಲ್ಲ, ಹೋಗುವುದಾದರೆ ಅಮೆರಿಕಕ್ಕೆ ಹೋಗು ಎನ್ನುತ್ತಿದ್ದಾರೆ. ಹೊರಗೆ ಕೆಲಸ ಮಾಡಿದವರು ಅಥವಾ ನೇಮಕಾತಿಯ ಒಳಗನ್ನು ಬಲ್ಲವರು ದಯವಿಟ್ಟು ವಿವರಿಸಿ.

ಲೆಕ್ಕಿಗ

ಎರಡೂ ಸಂಖ್ಯೆಗಳು ತಮ್ಮ ಮಟ್ಟಿಗೆ ಸರಿಯಾಗಿವೆ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಎರಡೂ ಉತ್ತರವಲ್ಲ. ವಿಶ್ವಬ್ಯಾಂಕ್ ಪ್ರಕಟಿಸುವ ಕೊಳ್ಳುವ ಶಕ್ತಿಯ ದರ ಭಾರತಕ್ಕೆ ಒಂದು ಅಂತರರಾಷ್ಟ್ರೀಯ ಡಾಲರಿಗೆ (ದೇಶಗಳ ಬೆಲೆಗಳನ್ನು ಹೋಲಿಸಲು ಬಳಸುವ ಲೆಕ್ಕದ ಡಾಲರ್) 20 ರೂಪಾಯಿಯ ಆಸುಪಾಸಿನಲ್ಲಿದೆ, ಜರ್ಮನಿಗೆ 0.7 ಯೂರೋ ಆಸುಪಾಸಿನಲ್ಲಿದೆ. ಆ ಎರಡರಿಂದಲೇ ನಿಮ್ಮ 20 ಲಕ್ಷ ಹುಟ್ಟಿದ್ದು. ಆದರೆ ಆ ದರವನ್ನು ಕಟ್ಟುವುದು ಇಡೀ ದೇಶದ ಬೆಲೆಗಳ ಸರಾಸರಿಯಿಂದ. ಹಳ್ಳಿಯ ಬಾಡಿಗೆ, ಸರ್ಕಾರಿ ಶಾಲೆ, ಕ್ಷೌರದಂಗಡಿ, ಬಸ್ ಟಿಕೆಟ್ ಎಲ್ಲವೂ ಅದರೊಳಗಿವೆ. ಹೊರ ವರ್ತುಲ ರಸ್ತೆಯ ಬಳಿ ಫ್ಲ್ಯಾಟ್ ಬಾಡಿಗೆಗೆ ಹಿಡಿದು, ಮಗುವನ್ನು ಖಾಸಗಿ ಶಾಲೆಗೆ ಕಳುಹಿಸಿ, ಕಾರು ಇಟ್ಟುಕೊಂಡ ಕುಟುಂಬದ ಖರ್ಚಿನ ಬುಟ್ಟಿ ಅದಲ್ಲ. ನಿಮ್ಮ ಮಟ್ಟಿಗೆ ಬೆಂಗಳೂರು ಆ ದರ ಹೇಳುವಷ್ಟು ಅಗ್ಗವಲ್ಲ.

ನಾನು ಅನುಸರಿಸುವ ಕ್ರಮವೇ ಬೇರೆ. ಸಂಬಳವನ್ನು ಎರಡು ಭಾಗ ಮಾಡಿ. ಆ ಊರಿನಲ್ಲೇ ಖರ್ಚಾಗಿ ಹೋಗುವ ಭಾಗವನ್ನು ಯಾವ ದರದಿಂದಲೂ ಪರಿವರ್ತಿಸಬೇಡಿ. ಅಲ್ಲಿ ಎಂಥ ಬದುಕು ನಡೆಯುತ್ತದೆ ಎಂದಷ್ಟೇ ನೋಡಿ. ಉಳಿಯುವ ಭಾಗವನ್ನು ಮಾರುಕಟ್ಟೆಯ ವಿನಿಮಯ ದರದಲ್ಲಿ ರೂಪಾಯಿಗೆ ತನ್ನಿ, ಏಕೆಂದರೆ ಹಾಸನದ ಮನೆಯ ಕಂತು ರೂಪಾಯಿಯಲ್ಲೇ ಇದೆ, ಆ ಕಂತಿಗೆ ಹೋಗುವ ಪ್ರತಿ ಯೂರೋ ಪೂರ್ತಿ 100 ರೂಪಾಯಿಯೇ.

ಮೊದಲು ಇಲ್ಲಿನ ಲೆಕ್ಕ. ಮೂಲ ವೇತನ ಸಿಟಿಸಿಯ ಶೇಕಡ 40 ಎಂದು ಊಹಿಸುತ್ತೇನೆ. ಕಂಪನಿಯ ಪಾಲಿನ ಪಿಎಫ್ ಮತ್ತು ಗ್ರಾಚ್ಯುಯಿಟಿ ಸಿಟಿಸಿಯೊಳಗೇ ಕುಳಿತಿರುತ್ತವೆ. ಅವೆರಡನ್ನೂ ತೆಗೆದರೆ ಸುಮಾರು 29.85 ಲಕ್ಷ ಉಳಿಯುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿಸಿ ಸುಮಾರು 4.7 ಲಕ್ಷ ತೆರಿಗೆ ಬರುತ್ತದೆ. ನಿಮ್ಮ ಪಾಲಿನ ಪಿಎಫ್ ಸಹ ಹೋದ ಮೇಲೆ, ವೇರಿಯಬಲ್ ಬಿಟ್ಟು, ತಿಂಗಳಿಗೆ ಕೈಗೆ ಬರುವುದು 1.8 ಲಕ್ಷದ ಹತ್ತಿರ. ಪತ್ನಿಯವರದು ಸುಮಾರು 95 ಸಾವಿರ ಎಂದು ಹಿಡಿದರೆ ಮನೆಗೆ ಒಟ್ಟು 2.75 ಲಕ್ಷ. ಇದರ ಮೇಲೆ ನಿಮ್ಮ ಪಿಎಫ್ ಖಾತೆಯಲ್ಲಿ ಎರಡೂ ಪಾಲು ಸೇರಿ ವರ್ಷಕ್ಕೆ 3 ಲಕ್ಷ ಬೆಳೆಯುತ್ತಿದೆ ಎಂಬುದನ್ನು ಮರೆಯಬೇಡಿ. ಮ್ಯೂನಿಕ್‌ನ ಖರ್ಚನ್ನು ಅಲ್ಲಿರುವವರು ಹೇಳಲಿ.

ಇಸಾರ್_ಕನ್ನಡಿಗ

ನಾನು ಮ್ಯೂನಿಕ್‌ನಲ್ಲಿ ಕುಟುಂಬದೊಂದಿಗೆ ನೆಲೆಸಿದ್ದೇನೆ. ಲೆಕ್ಕಿಗ ಅವರು ಹಾಕಿಕೊಟ್ಟ ಕ್ರಮದಲ್ಲೇ ಮುಂದುವರಿಸುತ್ತೇನೆ.

ಇಲ್ಲಿ ಕೈಗೆ ಬರುವ ಸಂಬಳವನ್ನು ನಿರ್ಧರಿಸುವುದು ಒಟ್ಟು ಮೊತ್ತದಷ್ಟೇ ನಿಮ್ಮ ತೆರಿಗೆ ವರ್ಗವೂ ಹೌದು. 72,000 ಯೂರೋಗೆ 2025ರ ದರಗಳಲ್ಲಿ, ಒಂಟಿಯಾಗಿರುವವರಿಗೆ ಅನ್ವಯಿಸುವ ಒಂದನೆಯ ವರ್ಗದಲ್ಲಿ ತಿಂಗಳಿಗೆ ಸುಮಾರು 3,650 ಯೂರೋ ಸಿಗುತ್ತದೆ. ಪತ್ನಿ ಇಲ್ಲಿಗೆ ಬಂದು, ಅವರಿಗೆ ಸಂಪಾದನೆ ಇಲ್ಲದಿದ್ದರೆ ನೀವು ಮೂರನೆಯ ವರ್ಗವನ್ನು ಆರಿಸಿಕೊಳ್ಳಬಹುದು, ಆಗ ಅದೇ ಸಂಬಳ 4,100ಕ್ಕೆ ಏರುತ್ತದೆ. ಕುಟುಂಬ ಬೆಂಗಳೂರಿನಲ್ಲೇ ಉಳಿದರೆ ಮೂರನೆಯ ವರ್ಗ ಸಿಗುವುದಿಲ್ಲ. ಆರು ತಿಂಗಳು ನೋಡಿ ಆಮೇಲೆ ಕರೆಸಿಕೊಳ್ಳುತ್ತೇನೆ ಎನ್ನುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತಂದುಕೊಂಡಿರುವುದಿಲ್ಲ. ಮಗಳು ಬಂದರೆ, 2025ರ ದರದಲ್ಲಿ, ತಿಂಗಳಿಗೆ 255 ಯೂರೋ ಮಕ್ಕಳ ಭತ್ಯೆ ಪ್ರತ್ಯೇಕವಾಗಿ ಬರುತ್ತದೆ.

ಖರ್ಚಿನ ಮಾತಿಗೆ ಬಂದರೆ ಈ ನಗರದಲ್ಲಿ ಬಾಡಿಗೆಯೇ ಮುಖ್ಯ, ಉಳಿದದ್ದೆಲ್ಲ ಅದರ ನಂತರ. ಮೂವರಿಗೆ ಸಾಕಾಗುವ ಮನೆಗೆ ಹೀಟಿಂಗ್ ಮತ್ತು ನಿರ್ವಹಣೆ ಸೇರಿ 1,700 ಯೂರೋ ಎಂದು ಹಿಡಿಯಿರಿ, ಅದೂ ಸಿಕ್ಕರೆ. ಠೇವಣಿಗೆ ಕಾನೂನಿನ ಮಿತಿ ಇದೆ: ಹೀಟಿಂಗ್ ಮುಂತಾದ ವೆಚ್ಚ ಬಿಟ್ಟ ಮೂಲ ಬಾಡಿಗೆಯ ಮೂರು ತಿಂಗಳಿನಷ್ಟನ್ನು ಮೀರುವಂತಿಲ್ಲ. ದಿನಸಿ, ಶಿಶುವಿಹಾರ, ಓಡಾಟ, ವಿಮೆ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಮೂರು ಟಿಕೆಟ್ ಎಲ್ಲ ಸೇರಿಸಿದರೆ ನಮ್ಮಂಥ ಮನೆಯ ತಿಂಗಳ ಖರ್ಚು 3,300ರ ಆಸುಪಾಸಿಗೆ ಬರುತ್ತದೆ. ಬರ್ಲಿನ್ ಆಗಿದ್ದರೆ ಶಿಶುವಿಹಾರದ ಶುಲ್ಕವೇ ಇರುತ್ತಿರಲಿಲ್ಲ, ಊಟದ ಸಣ್ಣ ಮೊತ್ತ ಕಟ್ಟಿದರೆ ಸಾಕಿತ್ತು. ದೇಶಗಳನ್ನು ಹೋಲಿಸುವುದಕ್ಕಿಂತ ನಗರಗಳನ್ನು ಹೋಲಿಸಬೇಕು ಎನ್ನುವುದು ಇದಕ್ಕೇ.

ಹಾಗಾಗಿ ನೀವೊಬ್ಬರೇ ದುಡಿದರೆ ಭತ್ಯೆಯೂ ಸೇರಿ ಇಲ್ಲಿ ತಿಂಗಳಿಗೆ ಸಾವಿರ ಯೂರೋ, ಅಂದರೆ ಒಂದು ಲಕ್ಷ ರೂಪಾಯಿ ಉಳಿದೀತು. ಬೆಂಗಳೂರಿನಲ್ಲಿ ಇಬ್ಬರ 2.75 ಲಕ್ಷದಲ್ಲಿ ಮನೆಖರ್ಚಿಗೆ 1.4 ಲಕ್ಷ ಹೋದರೂ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಪತ್ನಿಯವರಿಗೆ ಇಲ್ಲಿ 45,000 ಯೂರೋಗಳ ಕೆಲಸ ಸಿಕ್ಕರೆ ಚಿತ್ರವೇ ತಿರುಗುತ್ತದೆ. ಆಗ ಇಬ್ಬರೂ ನಾಲ್ಕನೆಯ ತೆರಿಗೆ ವರ್ಗದಲ್ಲಿದ್ದು ಒಟ್ಟು 6,100 ಯೂರೋಗಳಷ್ಟು ಕೈಗೆ ಬರುತ್ತದೆ, ಖರ್ಚು ಸ್ವಲ್ಪ ಹೆಚ್ಚಿದರೂ ಉಳಿತಾಯ ಎರಡೂವರೆ ಪಟ್ಟಿನಷ್ಟಾಗುತ್ತದೆ. ಬ್ಲೂ ಕಾರ್ಡ್ (ಕುಶಲ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಹೊಂದಿದವರ ಸಂಗಾತಿಗೆ ಬಂದ ದಿನದಿಂದಲೇ ಕೆಲಸ ಮಾಡುವ ಅನುಮತಿ ಇದೆ, ಆದರೆ ಟೆಸ್ಟಿಂಗ್ ಕೆಲಸಗಳಿಗೆ ಇಲ್ಲಿ ಜರ್ಮನ್ ಭಾಷೆ ಕೇಳುವುದು ಸಾಮಾನ್ಯ. ನಿಮ್ಮ 72,000ವನ್ನು 76,000 ಮಾಡಿಸಲು ಜಗ್ಗಾಡುವುದಕ್ಕಿಂತ ಅವರು ಈಗಿನಿಂದಲೇ ಜರ್ಮನ್ ಕಲಿಯಲು ಆರಂಭಿಸುವುದು ನಿಮ್ಮ ಮನೆಗೆ ಹೆಚ್ಚು ಲಾಭ ತರುತ್ತದೆ ಎಂಬುದು ನನ್ನ ಅಭಿಪ್ರಾಯ.

ನೇಮಕಾತಿ_ಕೊಠಡಿ

ನಾನು ಬೆಂಗಳೂರು ಮತ್ತು ಯುರೋಪ್ ಎರಡೂ ಕಡೆಗೆ ನೇಮಕಾತಿ ಮಾಡುವ ಕೆಲಸದಲ್ಲಿದ್ದೇನೆ. ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ಅಂಶವಿದೆ: ದೇಶಗಳ ನಡುವಿನ ಅಂತರ ಒಂದೇ ಸಂಖ್ಯೆಯಲ್ಲ, ಅನುಭವ ಏರಿದಂತೆ ಅದು ಬದಲಾಗುತ್ತ ಹೋಗುತ್ತದೆ.

ನಮ್ಮ ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಸಂಬಳ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಮೂರೂವರೆ ಲಕ್ಷದ ಸುತ್ತಲೇ ನಿಂತಿದೆ. ಪ್ರತಿ ವರ್ಷ ಲಕ್ಷಗಟ್ಟಲೆ ಎಂಜಿನಿಯರಿಂಗ್ ಪದವೀಧರರು ಹೊರಬರುವಾಗ ಅದನ್ನು ಏರಿಸುವ ಒತ್ತಡ ಕಂಪನಿಗಳ ಮೇಲಿಲ್ಲ. ಜರ್ಮನಿಯಲ್ಲಿ ಹೊಸಬರ ಆಫರ್‌ಗಳು ನಾನು ಕಂಡಂತೆ 45ರಿಂದ 55 ಸಾವಿರ ಯೂರೋಗಳ ನಡುವೆ ಇರುತ್ತವೆ. ಮಾರುಕಟ್ಟೆ ದರದಲ್ಲಿ ಇದು ಸುಮಾರು ಹದಿಮೂರರಿಂದ ಹದಿನಾರು ಪಟ್ಟು. ನಿಮ್ಮ ಹಂತದಲ್ಲಿ, ಅಂದರೆ ಏಳು ವರ್ಷಕ್ಕೆ, 32 ಲಕ್ಷ ಮತ್ತು 72 ಸಾವಿರದ ನಡುವೆ ಉಳಿದಿರುವುದು ಎರಡೂಕಾಲು ಪಟ್ಟು. ಹದಿನೈದು ವರ್ಷದವರನ್ನು ನೋಡಿದರೆ, ಬೆಂಗಳೂರಿನ ಪ್ರಾಡಕ್ಟ್ ಕಂಪನಿಗಳಲ್ಲಿ ಮತ್ತು ಬಹುರಾಷ್ಟ್ರೀಯ ಕಂಪನಿಗಳ ಜಿಸಿಸಿಗಳಲ್ಲಿ (ಅವು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆದಿರುವ ಕೇಂದ್ರಗಳು) ಷೇರು ಸೇರಿ 70 ಲಕ್ಷದಿಂದ ಒಂದು ಕೋಟಿಯ ಆಫರ್‌ಗಳು ಅಪರೂಪವಲ್ಲ. ಅದೇ ಅನುಭವಕ್ಕೆ ಜರ್ಮನಿಯಲ್ಲಿ 90 ಸಾವಿರದಿಂದ ಒಂದು ಲಕ್ಷ ಯೂರೋ ಸಿಕ್ಕರೆ ಒಳ್ಳೆಯದೆನ್ನುತ್ತಾರೆ. ಅಲ್ಲಿಗೆ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು.

ಜರ್ಮನಿಯ ಏರಿಕೆ ಇಷ್ಟು ನಿಧಾನವಾಗಿರಲು ಕಾರಣವಿದೆ. ಅಲ್ಲಿನ ಬಹಳಷ್ಟು ಉದ್ಯಮಗಳಲ್ಲಿ ಸಂಬಳ ಕಾರ್ಮಿಕ ಸಂಘದೊಂದಿಗಿನ ಸಾಮೂಹಿಕ ಒಪ್ಪಂದದ ದರ್ಜೆಗಳಿಂದ ತೀರ್ಮಾನವಾಗುತ್ತದೆ. ಲೋಹೋದ್ಯಮದ ಕಾರ್ಮಿಕ ಸಂಘವಾದ ಐಜಿ ಮೆಟಾಲ್‌ನ ಒಪ್ಪಂದವಿರುವ ಕಡೆ, ವಿಶೇಷವಾಗಿ ಪಶ್ಚಿಮ ಜರ್ಮನಿಯ ವಾಹನ ಮತ್ತು ಯಂತ್ರ ಕಂಪನಿಗಳಲ್ಲಿ, ವಾರಕ್ಕೆ 35 ಗಂಟೆಯ ಕೆಲಸ. ಕೆಳಗಿನವರಿಗೆ ಅದು ಎತ್ತರದ ನೆಲ, ಮೇಲಿನವರಿಗೆ ತಗ್ಗಾದ ಸೂರು. ನಮ್ಮಲ್ಲಿ ಸಂಬಳ ಏರುವುದು ಕಂಪನಿ ಬದಲಿಸಿದಾಗ, ಅಮೆರಿಕದಲ್ಲಿ ಹಂತ ಏರಿ ಷೇರಿನ ಪಾಲು ದೊಡ್ಡದಾದಾಗ. ಆದ್ದರಿಂದ ಹೊಸಬರು ಯುರೋಪಿಗೆ ಹೋದರೆ ಹಣದ ದೃಷ್ಟಿಯಿಂದ ಅನುಮಾನವೇ ಬೇಡ, ಹದಿನೈದು ವರ್ಷದವರು ಹಣಕ್ಕಾಗಿ ಹೋಗುವುದರಲ್ಲಿ ಅರ್ಥವಿಲ್ಲ, ನೀವು ನಡುವೆ ನಿಂತಿದ್ದೀರಿ. ನಾಲ್ಕೈದು ವರ್ಷದ ನಂತರ ಎರಡೂ ಕಡೆ ನೀವು ಎಲ್ಲಿರುತ್ತೀರಿ ಎಂದು ಅಂದಾಜು ಮಾಡಿ ಹೋಲಿಸಿ, ಇವತ್ತಿನ ಆಫರನ್ನಲ್ಲ.

ಇನ್ನೊಂದು ಮಾತು. ವರ್ಷಗಳ ಎಣಿಕೆಯೂ ಎಲ್ಲೆಡೆ ಒಂದೇ ಅಲ್ಲ. ಇಲ್ಲಿ ಐದು ವರ್ಷಕ್ಕೆ ಸೀನಿಯರ್ ಎಂಬ ಪದನಾಮ ಕೊಡುವುದು ಮಾಮೂಲು, ಅಲ್ಲಿ ಸಂದರ್ಶನದ ನಂತರ ಒಂದು ಹಂತ ಕೆಳಗಿಳಿಸಿ ಆಫರ್ ಕೊಡುವುದೂ ಮಾಮೂಲು. ನಿಮ್ಮ ಆಫರ್ ಯಾವ ಹಂತಕ್ಕೆ ಬಂದಿದೆ ಎಂದು ಕೇಳಿದ್ದೀರಾ?

ಹೇಮಾವತಿ_ತೀರ

ಎಲ್ಲರಿಗೂ ಧನ್ಯವಾದಗಳು. ಹಂತದ ವಿಷಯ ಕೇಳಿರಲಿಲ್ಲ, ನಾಳೆಯೇ ಕೇಳುತ್ತೇನೆ. ಪತ್ನಿಯ ಸಂಬಳ ಇಷ್ಟು ದೊಡ್ಡ ಪಾತ್ರ ವಹಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ, ಅವರಿಗೆ ಮಾತ್ರ ಮೊದಲಿನಿಂದಲೂ ಇದೇ ಅನುಮಾನವಿತ್ತು. ಅಮೆರಿಕದ ಬಗ್ಗೆ ಯಾರಾದರೂ ಹೇಳಿದರೆ ಗೆಳೆಯರಿಗೆ ಉತ್ತರ ಕೊಡಲು ಅನುಕೂಲವಾಗುತ್ತದೆ. ಜೊತೆಗೆ, ಕೆಲವು ವರ್ಷ ದುಡಿದು ಮರಳಿದರೆ ಜರ್ಮನಿಯಲ್ಲಿ ಕಟ್ಟಿದ ಪಿಂಚಣಿ ಹಣ ಏನಾಗುತ್ತದೆ?

ಸಿಯಾಟಲ್_ಮಳೆ

ಅಮೆರಿಕದ ಸಂಬಳ ದೊಡ್ಡದೆಂಬುದು ನಿಜ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಸಾಫ್ಟ್‌ವೇರ್ ಡೆವಲಪರ್‌ಗಳ ಮಧ್ಯಮ ವಾರ್ಷಿಕ ವೇತನ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ) 1,33,080 ಡಾಲರ್. ಇದು ಎಲ್ಲ ರಾಜ್ಯಗಳನ್ನೂ ಎಲ್ಲ ಅನುಭವದ ಹಂತಗಳನ್ನೂ ಒಳಗೊಂಡ ಸಂಖ್ಯೆ. ನಿಮ್ಮ ಗೆಳೆಯರು ತೋರಿಸುವ ಮೂರು ಲಕ್ಷ ಡಾಲರಿನ ಚಿತ್ರಗಳು ಸಂಬಳದ ಮಾಹಿತಿ ಸಂಗ್ರಹಿಸುವ ಲೆವೆಲ್ಸ್.ಎಫ್‌ವೈಐನಂಥ ತಾಣಗಳಿಂದ ಬಂದಿರುತ್ತವೆ. ಅವುಗಳಲ್ಲಿ ದೊಡ್ಡ ಕಂಪನಿಗಳವರೇ ಹೆಚ್ಚು, ತಮ್ಮ ಸಂಬಳವನ್ನು ತಾವೇ ಬರೆದವರು, ಅದರಲ್ಲೂ ಹೇಳಿಕೊಳ್ಳುವಂಥ ಸಂಬಳವಿದ್ದವರು. ಒಟ್ಟು ಮೊತ್ತದಲ್ಲಿ ನಾಲ್ಕು ವರ್ಷಕ್ಕೆ ಹಂಚಿ ಕೊಡುವ ಷೇರುಗಳ ಪಾಲು ದೊಡ್ಡದು, ಅದು ಷೇರು ಬೆಲೆಯೊಂದಿಗೆ ಏರಿಳಿಯುತ್ತದೆ.

ಆದರೆ ನಿಮ್ಮ ಮುಂದಿರುವುದು ಅಮೆರಿಕದ ಆಫರ್ ಅಲ್ಲ, ಅಮೆರಿಕದ ಸಾಧ್ಯತೆ ಮಾತ್ರ. ಎಚ್-1ಬಿ ಎಂಬ ಕೆಲಸದ ವೀಸಾಗೆ ವರ್ಷಕ್ಕೆ 65,000 ಮತ್ತು ಅಲ್ಲಿನ ಸ್ನಾತಕೋತ್ತರ ಪದವೀಧರರಿಗೆ ಹೆಚ್ಚುವರಿ 20,000 ಎಂಬ ಮಿತಿಯಿದೆ. 2025ರ ಸೆಪ್ಟೆಂಬರ್ 21ರಿಂದ ದೇಶದ ಹೊರಗಿರುವವರ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶ ಬಂದಿದೆ. ಏಳು ವರ್ಷದ ಅನುಭವಿಗಾಗಿ ಬೆಂಗಳೂರಿನಿಂದ ನೇರವಾಗಿ ಆ ಮೊತ್ತ ಕಟ್ಟುವ ಕಂಪನಿಗಳು ಎಷ್ಟಿರಬಹುದು ಎಂದು ಯೋಚಿಸಿ. ಒಂದೇ ಕಂಪನಿಯೊಳಗಿನ ವರ್ಗಾವಣೆಗೆ ಬಳಸುವ ಎಲ್-1 ವೀಸಾ ಈ ಮಿತಿಗೆ ಒಳಪಡುವುದಿಲ್ಲ, ಹಾಗಾಗಿ ಅಮೆರಿಕವೇ ಗುರಿಯಾದರೆ ಅಂಥ ಕಂಪನಿಯ ಬೆಂಗಳೂರು ಕಚೇರಿಗೆ ಸೇರುವುದೇ ಹೆಚ್ಚು ವಿವೇಕದ ದಾರಿ. ಕುಟುಂಬದವರಿಗೆ ಕೊಡುವ ಎಚ್-4 ವೀಸಾದಲ್ಲಿ ಬರುವ ಸಂಗಾತಿ, ಎಚ್-1ಬಿ ಹೊಂದಿದವರ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟುವವರೆಗೆ ದುಡಿಯುವಂತಿಲ್ಲ. ಇಸಾರ್ ಕನ್ನಡಿಗ ಅವರು ತೋರಿಸಿದ ಲೆಕ್ಕಕ್ಕೆ ಇದನ್ನು ಅನ್ವಯಿಸಿ ನೋಡಿ. ಇನ್ನು ಅಮೆರಿಕದಲ್ಲಿ ಪ್ರತಿ ತಿಂಗಳು ಕಡಿತವಾಗುವ ಶೇಕಡ 6.2ರ ಸಾಮಾಜಿಕ ಭದ್ರತೆ ತೆರಿಗೆಯ ವಿಷಯದಲ್ಲಿ ಭಾರತದೊಂದಿಗೆ ಒಪ್ಪಂದವೇ ಇಲ್ಲ. ಸುಮಾರು ಹತ್ತು ವರ್ಷ ದುಡಿಯದೆ ಮರಳಿದವರಿಗೆ ಅದರಿಂದ ಪಿಂಚಣಿಯೂ ಇಲ್ಲ, ಹಣ ವಾಪಸ್ಸೂ ಇಲ್ಲ.

ಇಸಾರ್_ಕನ್ನಡಿಗ

ಪಿಂಚಣಿಯ ಪ್ರಶ್ನೆಗೆ ಉತ್ತರಿಸುತ್ತೇನೆ. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಸಂಬಳದಿಂದ ಪಿಂಚಣಿಗೆ ಹೋಗುವುದು ಶೇಕಡ 18.6, ಅದರಲ್ಲಿ ಅರ್ಧ ನಿಮ್ಮದು, ಅರ್ಧ ಕಂಪನಿಯದು. ಐದು ವರ್ಷ ಪೂರ್ತಿಯಾದರೆ ಹಣ ಹಿಂದಿರುಗುವುದಿಲ್ಲ, ಬದಲಿಗೆ ನಿವೃತ್ತಿಯ ವಯಸ್ಸಿನಲ್ಲಿ ಭಾರತದಲ್ಲಿದ್ದುಕೊಂಡೇ ಪಿಂಚಣಿ ಪಡೆಯಬಹುದು. ಐದು ವರ್ಷದೊಳಗೆ ಮರಳಿದರೆ, ಯುರೋಪ್ ಬಿಟ್ಟು ಎರಡು ವರ್ಷ ಕಳೆದ ಮೇಲೆ ನಿಮ್ಮ ಪಾಲಿಗಷ್ಟೇ ಅರ್ಜಿ ಹಾಕಬಹುದು, ಕಂಪನಿಯ ಪಾಲು ಸಿಗದು. 72,000ಕ್ಕೆ ನಿಮ್ಮ ಪಾಲು ವರ್ಷಕ್ಕೆ ಸುಮಾರು 6,700 ಯೂರೋ ಆಗುತ್ತದೆ. ಲೆಕ್ಕಿಗ ಅವರು ಹೇಳಿದ ಪಿಎಫ್‌ನ ಎದುರು ಈ ಸಾಲನ್ನು ಬರೆದುಕೊಳ್ಳಿ.

ಸಹಿ ಹಾಕುವ ಮುನ್ನ ಎರಡು ವಿಷಯ ಕೇಳಿ. ಈ 72,000 ಹನ್ನೆರಡು ತಿಂಗಳಿಗೆ ಹಂಚಿಕೆಯಾಗುತ್ತದೆಯೇ, ಹದಿಮೂರಕ್ಕೆಯೇ? ಸ್ಥಳಾಂತರದ ಖರ್ಚನ್ನು ಕಂಪನಿ ಕೊಟ್ಟು, ಒಂದೆರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕೇಳುವ ಷರತ್ತಿದೆಯೇ? ಪ್ರೊಬೇಷನ್ ಸಾಮಾನ್ಯವಾಗಿ ಆರು ತಿಂಗಳು, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಯಾರು ಬೇಕಾದರೂ ಕೈಬಿಡಬಹುದು. ಬೆಂಗಳೂರಿನ ತೊಂಬತ್ತು ದಿನದ ನೋಟಿಸ್ ಮುಗಿಸಿ, ಮನೆ ಖಾಲಿ ಮಾಡಿ ಬರುವವರು ಇದನ್ನು ತಿಳಿದೇ ಬರಬೇಕು. ಪತ್ನಿಯವರು ತಮ್ಮ ಕೆಲಸಕ್ಕೆ ರಾಜೀನಾಮೆ ಕೊಡುವ ಬದಲು ಕೆಲವು ತಿಂಗಳ ವೇತನರಹಿತ ರಜೆ ಸಿಗುತ್ತದೆಯೇ ಎಂದು ವಿಚಾರಿಸಲಿ.