ಒಂದೇ ಬೈನಾಕ್ಯುಲರ್, ಆರು ಜೋಡಿ ಕಣ್ಣು

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ) ಹಕ್ಕಿ ನೋಡುವವರೇ ಗಮನಿಸಿ! 8 ಪಟ್ಟು ತೋರಿಸುವ ಬೈನಾಕ್ಯುಲರ್ ಹೊಸಬರಿಗೆ. ಅನುಭವಿಗಳು 10×42ಕ್ಕಿಂತ (ಹತ್ತು ಪಟ್ಟು, ಮುಂದಿನ ಲೆನ್ಸಿನ ಅಗಲ 42 ಮಿ.ಮೀ.) ಕಡಿಮೆ ಕೊಳ್ಳುವುದಿಲ್ಲ. ಮುಸ್ಸಂಜೆ ಅಂಕಿ 8×42ಕ್ಕೆ 18.3, 10×42ಕ್ಕೆ 20.5. ಅಂಕಿ ಜಾಸ್ತಿ ಇದ್ದಷ್ಟೂ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಎಲ್ಲ ಗುಂಪುಗಳಿಗೂ ಕಳಿಸಿ.

ಚಿಕ್ಕಪ್ಪ: ನೋಡಿದಿರಾ? ಎಲ್ಲರೂ ದುಡ್ಡು ಹಾಕಿ ಒಂದು ಒಳ್ಳೆಯದನ್ನು ತರೋಣ ಎಂದು ಮಾತಾಗಿದೆ. ಹಾಗಾದ ಮೇಲೆ ಹತ್ತೇ ಇರಲಿ. ಇಂಥದ್ದನ್ನು ಪದೇ ಪದೇ ಕೊಳ್ಳುವುದಿಲ್ಲ.

ಅಕ್ಕ: ಚಿಕ್ಕಪ್ಪ, ಇದನ್ನು ಬರೆದವರು ಯಾರು?

ಚಿಕ್ಕಪ್ಪ: ಯಾರಾದರೆ ಏನಮ್ಮ, ಲೆಕ್ಕ ಕೊಟ್ಟಿದ್ದಾರಲ್ಲ.

ನಾನು: ಲೆಕ್ಕವೇನೋ ಸರಿ. 8 ಮತ್ತು 42 ಗುಣಿಸಿ ವರ್ಗಮೂಲ ತೆಗೆದರೆ 18.3 ಬರುತ್ತದೆ. ಆದರೆ ಆ ಲೆಕ್ಕದಲ್ಲಿ ಗಾಜಿನ ಗುಣ ಎಲ್ಲೂ ಬರುವುದಿಲ್ಲ. ಆಟಿಕೆ ಅಂಗಡಿಯ 10×42ಕ್ಕೂ 20.5, ಝೈಸ್ ಕಂಪನಿಯದಕ್ಕೂ 20.5. ಕತ್ತಲಲ್ಲಿ ಎರಡೂ ಒಂದೇ ಎಂದು ನೀವೇ ಒಪ್ಪುವುದಿಲ್ಲ ಅಲ್ವಾ?

ಪುಟ್ಟ: ಅಪ್ಪಾ 😂

ಚಿಕ್ಕಪ್ಪ: ನಗಬೇಡ. ಗಾಜು ಒಂದೇ ಥರದ್ದು ಎಂದು ಇಟ್ಟುಕೊಂಡು ಹೋಲಿಸಿ. ಮಬ್ಬಿನಲ್ಲಿ ಹಕ್ಕಿ ದೊಡ್ಡದಾಗಿ ಕಂಡರೆ ಗರಿಯ ಗೆರೆ ಹೆಚ್ಚು ಗೊತ್ತಾಗುತ್ತದೆ. ಅದು ಸುಳ್ಳೇ?

ನಾನು: ಸುಳ್ಳಲ್ಲ. ಆದರೆ ಬೆಳಕೂ ಬೇಕಲ್ಲ. ಬೈನಾಕ್ಯುಲರನ್ನು ಕೈಚಾಚಿ ಹಿಡಿದು ಕಣ್ಣಿಡುವ ಕಡೆಯಿಂದ ನೋಡಿ. ಎರಡು ಸಣ್ಣ ಬೆಳಕಿನ ಚುಕ್ಕೆ ಕಾಣುತ್ತವೆ. ಅದೇ ಎಕ್ಸಿಟ್ ಪ್ಯೂಪಿಲ್. ಮುಂದಿನ ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ. 8×42ಕ್ಕೆ 5.25 ಮಿ.ಮೀ., 10×42ಕ್ಕೆ 4.2 ಮಿ.ಮೀ. ಕಣ್ಣಿನ ಪಾಪೆ ಅಗಲವಾಗಿ ತೆರೆಯುವ ಹೊತ್ತಿನಲ್ಲಿ ದೊಡ್ಡ ಚುಕ್ಕೆಯಿಂದ ಜಾಸ್ತಿ ಬೆಳಕು ಒಳಗೆ ಹೋಗುತ್ತದೆ.

ಚಿಕ್ಕಪ್ಪ: ಪುಟ್ಟನ ವಯಸ್ಸಿನಲ್ಲಿ ಪಾಪೆ 7 ಮಿ.ಮೀ. ತೆರೆಯಬಹುದು. ನನಗೂ ನಿಮ್ಮ ಅತ್ತೆಗೂ 5 ತೆರೆದರೆ ಪುಣ್ಯ. ನಡು ಮಧ್ಯಾಹ್ನ ಎಲ್ಲರದೂ ಎರಡು ಮೂರು ಮಿ.ಮೀ. ಅಷ್ಟೇ. ಆ ಹೆಚ್ಚುವರಿ ಬೆಳಕನ್ನು ಇಟ್ಟುಕೊಂಡು ಏನು ಮಾಡಲಿ?

ಅತ್ತೆ: ನನ್ನ ವಯಸ್ಸನ್ನು ಗುಂಪಿಗೆ ಯಾಕೆ ತರುತ್ತೀಯೋ.

ನಾನು: ಈ ಮಾತಿಗೆ ಬೆಲೆ ಇದೆ ಚಿಕ್ಕಪ್ಪ. ಆದರೂ ಚುಕ್ಕೆ ದೊಡ್ಡದಿದ್ದರೆ ಇನ್ನೊಂದು ಸುಖ ಇದೆ. ಕಣ್ಣು ಸ್ವಲ್ಪ ಆಚೀಚೆ ಆದರೂ ಚಿತ್ರ ಕಪ್ಪಾಗುವುದಿಲ್ಲ. ನಡೆಯುತ್ತಾ ಥಟ್ಟನೆ ಎತ್ತಿ ನೋಡುವವರಿಗೆ ಅದು ದೊಡ್ಡ ವಿಷಯ.

ಅಕ್ಕ: ನನಗೆ ಬೆಳಕಿಗಿಂತ ಅಗಲ ಮುಖ್ಯ. ಉಲಿಯಕ್ಕಿಯಂಥ ಹಕ್ಕಿ ಎಲೆಗಳ ನಡುವೆ ಒಂದು ಕ್ಷಣ ನಿಲ್ಲುವುದಿಲ್ಲ. ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಪಕ್ಕದ ಕೊಂಬೆಗೆ ಹೋಗಿರುತ್ತದೆ. ಸ್ವರೋವ್‌ಸ್ಕಿ ಕಂಪನಿಯ ಎನ್‌ಎಲ್ ಪ್ಯೂರ್ 8×42ರಲ್ಲಿ 1000 ಮೀಟರ್ ದೂರದಲ್ಲಿ 159 ಮೀಟರ್ ಅಗಲದ ನೋಟ ಸಿಗುತ್ತದೆ. ಅದರದೇ 10×42ರಲ್ಲಿ 133.

ಚಿಕ್ಕಪ್ಪ: 133 ಎಂದರೆ ಕಡಿಮೆಯೇ? ಎಷ್ಟೋ ಸಾಧಾರಣ 8×42ಗಳಲ್ಲಿ ಅಷ್ಟೇ ಇರುತ್ತದೆ. ಅಂದರೆ ಎಂಟರ ಅಗಲದಲ್ಲಿ ಹತ್ತರ ಗಾತ್ರ. ದುಬಾರಿ ಗಾಜು ಕೊಳ್ಳುವುದೇ ಅದಕ್ಕಮ್ಮ.

ಅಕ್ಕ: ಅದು ಒಪ್ಪಿದೆ. ಹತ್ತು ಬೇಕೇ ಬೇಕು ಎನ್ನುವವರು ಅಗ್ಗದ ಹತ್ತಕ್ಕೆ ಹೋಗಬಾರದು. ಆದರೆ ಕೈ ನಡುಗುವುದೂ ಹತ್ತು ಪಟ್ಟು ಕಾಣುತ್ತದಲ್ಲ. ಅದಕ್ಕೆ ಗಾಜು ಏನು ಮಾಡುತ್ತದೆ?

ಭಾವ: ಮಾವ, ನಾನೂ ಒಂದು ಮಾತು ಹೇಳಲೇ? ಏರು ಹತ್ತಿ ನಿಂತಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆಗ ಹತ್ತನ್ನು ಹಿಡಿದರೆ ಹಕ್ಕಿ ಕುಣಿಯುತ್ತದೆ. ನಿಂತು ಉಸಿರು ಹತೋಟಿಗೆ ಬರುವಷ್ಟರಲ್ಲಿ ಅದು ಹೋಗಿರುತ್ತದೆ. ನೀವು ಒಂದೇ ಕಡೆ ಕೂತು ಹದ್ದು ನೋಡುವವರು. ನಮ್ಮದು ಇಡೀ ದಿನ ನಡಿಗೆ.

ಚಿಕ್ಕಪ್ಪ: ಅಳಿಯಂದಿರೇ, ಕೂತು ನೋಡುವುದೂ ನೋಡುವುದೇ.

ಭಾವ: ಖಂಡಿತ ಮಾವ. ನಾನು ತೂಕದ ಮಾತಿಗೆ ಬಂದೆ. ಎನ್‌ಎಲ್ ಪ್ಯೂರ್ 8×42 ಸುಮಾರು 840 ಗ್ರಾಂ. ಝೈಸ್ ವಿಕ್ಟರಿ ಎಸ್‌ಎಫ್ 8×42 ಸುಮಾರು 780. ಅದೇ ಎಸ್‌ಎಫ್‌ನ 8×32 ಸುಮಾರು 600. ಅಗಲ ನೋಡಿದರೆ 155 ಮೀಟರ್, ತನ್ನ 42ಕ್ಕಿಂತ ಜಾಸ್ತಿ. ಅದರ ಎಕ್ಸಿಟ್ ಪ್ಯೂಪಿಲ್ 4 ಮಿ.ಮೀ. ನಿಮ್ಮ 10×42ದು 4.2. ಬೆಳಕಿನಲ್ಲಿ ಇಬ್ಬರೂ ಹೆಚ್ಚು ಕಡಿಮೆ ಸಮ. ಹಾಗಾದರೆ 32 ಚಿಕ್ಕದು ಎಂದು ಯಾಕೆ ಮೂಗು ಮುರಿಯಬೇಕು?

ಪುಟ್ಟ: ಭಾವ ಬಾಂಬ್ ಹಾಕಿದರು 🔥

ಚಿಕ್ಕಪ್ಪ: ಸಮವಾದ ಬೆಳಕಿನಲ್ಲಿ ನನಗೆ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಅದನ್ನು ಬಿಟ್ಟು ಹೇಳಿದರೆ ಹೇಗೆ?

ಅಕ್ಕ: ಇವರಿಗೆ ತೂಕದ ಚಿಂತೆ ಬಂದಿದ್ದು ನೋಡಿ ಆಶ್ಚರ್ಯ ಆಯಿತು. ನೀರಿನ ಬಾಟಲಿ ಎಲ್ಲ ನನ್ನ ಚೀಲದಲ್ಲೇ ಇರುತ್ತವೆ.

ಭಾವ: 🙏

ಅಕ್ಕ: ಆದರೂ ನನ್ನ ಓಟು 42ಕ್ಕೆ. ಬೆಳಗಿನ ಮಬ್ಬಿನಲ್ಲಿ, ದಟ್ಟ ಮರಗಳ ಅಡಿಯಲ್ಲಿ 32ಕ್ಕೆ ಉಸಿರು ಕಟ್ಟುತ್ತದೆ. 42 ಮಿ.ಮೀ. ಲೆನ್ಸ್ 32ಕ್ಕಿಂತ ಸುಮಾರು 70 ಶೇಕಡಾ ಹೆಚ್ಚು ಬೆಳಕು ಹಿಡಿಯುತ್ತದೆ. ತೂಕ ಕತ್ತಿಗೆ ಬೀಳಬಾರದು ಎಂದರೆ ಹಾರ್ನೆಸ್ ಹಾಕಿಕೊಳ್ಳಿ, ಭಾರ ಎರಡೂ ಭುಜಕ್ಕೆ ಹಂಚಿ ಹೋಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಪಟ್ಟಿಯೇ ಸಾಕು ಎಂದು ಎಲ್ಲರೂ ಕತ್ತು ನೋಯಿಸಿಕೊಳ್ಳುತ್ತಾರೆ.

ಪುಟ್ಟ: ನನ್ನ ಮಾತೂ ಕೇಳಿ. ನಡುಕ ತಡೆಯುವ ಮಾದರಿ ತಗೊಂಡರೆ ಈ ಜಗಳವೇ ಇಲ್ಲ. ಕ್ಯಾನನ್ 10×42 ಎಲ್ ಐಎಸ್ ಇದೆ. ಗುಂಡಿ ಒತ್ತಿದರೆ ಚಿತ್ರ ನಿಲ್ಲುತ್ತದೆ. ಇಲ್ಲಾಂದ್ರೆ ಸ್ವರೋವ್‌ಸ್ಕಿ 2024ರಲ್ಲಿ ತಂದ ಎಎಕ್ಸ್ ವಿಸಿಯೊ. ಅದು ಹಕ್ಕಿಯ ಹೆಸರನ್ನೇ ಹೇಳುತ್ತದೆ!

ಅತ್ತೆ: ಹೆಸರೂ ಅದೇ ಹೇಳಿದರೆ ನಾನು ಮನೆಯಲ್ಲೇ ಇರುತ್ತೇನೆ. ಅದೇ ಹೋಗಿ ಬರಲಿ.

ಭಾವ: ಎರಡೂ ಒಂದು ಕಿಲೋ ದಾಟುತ್ತವೆ ಪುಟ್ಟ. ಎರಡಕ್ಕೂ ಬ್ಯಾಟರಿ ಬೇಕು.

ನಾನು: ಕ್ಯಾನನ್ ವಿಷಯದಲ್ಲಿ ಪುಟ್ಟ ಹೇಳಿದ್ದನ್ನು ಸುಮ್ನೆ ತಳ್ಳಿಹಾಕಬಾರದು. ಕೈ ನಿಲ್ಲದವರಿಗೆ ಚಿತ್ರ ನಿಂತಾಗ ಕಾಣುವಷ್ಟು ವಿವರ ಯಾವ ದುಬಾರಿ ಗಾಜಿನಲ್ಲೂ ಸಿಗುವುದಿಲ್ಲ. ಒಂದು ಕಡೆ ಕೂತು ನೋಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಡೆಯುವವರಿಗೆ ಬೇಡ.

ಚಿಕ್ಕಪ್ಪ: ಬ್ಯಾಟರಿ ಹಾಕುವ ವಸ್ತುವಿಗೆ ಆಯುಸ್ಸು ಕಡಿಮೆ. ನನಗೆ ಮೊಮ್ಮಕ್ಕಳೂ ನೋಡುವಂಥದ್ದು ಬೇಕು.

ಪುಟ್ಟ: ಅಪ್ಪಾ, ಮೊದಲು ಮಕ್ಕಳಿಗೆ ಕೊಡಿ.

ಭಾವ: ಇನ್ನೊಂದು ಪ್ರಶ್ನೆ. ಅಷ್ಟು ದುಬಾರಿಯದೇ ಬೇಕಾ? ನಿಕಾನ್ ಮೊನಾರ್ಕ್ ಎಚ್‌ಜಿ 8×42 ನೋಡಿ. 665 ಗ್ರಾಂ, 145 ಮೀಟರ್ ಅಗಲ. ಬೆಲೆ ಆ ಎನ್‌ಎಲ್, ಎಸ್‌ಎಫ್‌ಗಳಿಗಿಂತ ಎಷ್ಟೋ ಕಡಿಮೆ.

ಚಿಕ್ಕಪ್ಪ: ಇಲ್ಲಿ ನಾನು ಬಗ್ಗುವುದಿಲ್ಲ. ಹಗಲು ಬೆಳಕಿನಲ್ಲಿ ಎರಡನ್ನೂ ಹಿಡಿದರೆ ವ್ಯತ್ಯಾಸ ಹುಡುಕಬೇಕು, ನಿಜ. ಹದ್ದು ಬಿಳಿ ಮೋಡದ ಮುಂದೆ ಬರಲಿ. ಕಳಪೆ ಗಾಜಿನಲ್ಲಿ ರೆಕ್ಕೆಯ ಅಂಚಿಗೆ ನೇರಳೆ ಬಣ್ಣ ಕಾಣುತ್ತದೆ. ಬೇರೆ ಬೇರೆ ಬಣ್ಣದ ಬೆಳಕು ಒಂದೇ ಕಡೆ ಸೇರದೆ ಹಾಗಾಗುತ್ತದೆ. ಅದನ್ನು ತಗ್ಗಿಸುವುದಕ್ಕೇ ಬಣ್ಣಗಳನ್ನು ಕಡಿಮೆ ಚದುರಿಸುವ ಇಡಿ (ED) ಗಾಜು, ಫ್ಲೋರೈಡ್ ಇರುವ ಗಾಜು ಹಾಕುತ್ತಾರೆ. ಇನ್ನು ಸೂರ್ಯ ಎದುರಿಗಿದ್ದರೆ ಚಿತ್ರದ ಮೇಲೆ ಹೊಗೆಯಂತೆ ಬಿಳಿ ಪರದೆ ಬೀಳುತ್ತದೆ. ಕೊಳವೆಯ ಒಳಗೆ ಬೆಳಕು ಚದುರದಂತೆ ಕಪ್ಪು ಮಾಡುವ ಕೆಲಸ ಎಷ್ಟು ಚೆನ್ನಾಗಿದೆ ಎನ್ನುವುದರ ಮೇಲೆ ಅದು ನಿಂತಿದೆ. ಪೆಟ್ಟಿಗೆಯ ಮೇಲೆ ಯಾರೂ ಅದನ್ನು ಬರೆಯುವುದಿಲ್ಲ.

ಅಕ್ಕ: ಚಿಕ್ಕಪ್ಪ, ನೀವು ಫಾರ್ವರ್ಡ್ ಬಿಟ್ಟು ಸ್ವಂತ ಮಾತು ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ!

ಚಿಕ್ಕಪ್ಪ: ಇನ್ನೂ ಇದೆ ಕೇಳು. ಲೇಪವಿಲ್ಲದ ಗಾಜಿನ ಒಂದೊಂದು ಮೇಲ್ಮೈಯೂ ಸುಮಾರು 4 ಶೇಕಡಾ ಬೆಳಕನ್ನು ವಾಪಸ್ ಕಳಿಸುತ್ತದೆ. ಅಂಥ ಹತ್ತು ಮೇಲ್ಮೈ ದಾಟುವಷ್ಟರಲ್ಲಿ ಮೂರನೇ ಒಂದು ಪಾಲು ಬೆಳಕು ಹೋಗಿರುತ್ತದೆ. ಇದನ್ನು ತಡೆಯುವ ಲೇಪಕ್ಕೆ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಪೇಟೆಂಟ್ ಪಡೆದರು. ನೆಟ್ಟಗಿನ ಕೊಳವೆಯ ಬೈನಾಕ್ಯುಲರ್‌ಗಳಲ್ಲಿ ತಲೆಕೆಳಗಾದ ಚಿತ್ರವನ್ನು ನೇರ ಮಾಡುವ ರೂಫ್ ಪ್ರಿಸಂ ಎಂಬ ಗಾಜು ಇರುತ್ತದೆ. ಅದರಲ್ಲಿ ಬೆಳಕು ಎರಡು ಭಾಗವಾಗಿ ಮತ್ತೆ ಸೇರುವಾಗ ಅಲೆಗಳು ಸ್ವಲ್ಪ ಹೊಂದಾಣಿಕೆ ತಪ್ಪಿ ಚಿತ್ರದ ಹರಿತ ಕಡಿಮೆಯಾಗುತ್ತದೆ. ಅದನ್ನು ಸರಿಪಡಿಸುವ ಫೇಸ್ (phase) ಕೋಟಿಂಗ್ ಎಂಬ ಲೇಪವನ್ನೂ ಝೈಸ್‌ನವರೇ 1988ರಲ್ಲಿ ತಂದರು.

ಭಾವ: ಆ ಲೇಪಗಳು ಈಗ ಮೊನಾರ್ಕ್ ಎಚ್‌ಜಿಯಲ್ಲೂ ಇವೆ ಮಾವ. ನಿಮ್ಮ ಮಾತೇ ನನ್ನ ಪರ ಆಯಿತು.

ಚಿಕ್ಕಪ್ಪ: ಇವೆ. ಹದ್ದು ಮತ್ತು ಬಿಳಿ ಮೋಡದ ಪರೀಕ್ಷೆ ಮಾಡಿ ಆಮೇಲೆ ಮಾತಾಡಿ.

ಅತ್ತೆ: ನೀವೆಲ್ಲ ನಿಲ್ಲಿಸಿದರೆ ನಾನು ಒಂದು ಕೇಳುತ್ತೇನೆ. ನನಗೆ ಯಾವ ಬೈನಾಕ್ಯುಲರ್ ಕೊಟ್ಟರೂ ಸಣ್ಣ ತೂತಿನಲ್ಲಿ ನೋಡಿದ ಹಾಗಿರುತ್ತದೆ, ಸುತ್ತ ಕಪ್ಪು. ಚೆನ್ನಾಗಿದೆ ಎಂದು ಬಾಯಿ ಮಾತಿಗೆ ಹೇಳಿ ವಾಪಸ್ ಕೊಡುತ್ತೇನೆ.

ಅಕ್ಕ: ಅತ್ತೆ! ಇದನ್ನು ಮೊದಲೇ ಹೇಳಬಾರದಿತ್ತೇ?

ನಾನು: ಅತ್ತೆ, ಕನ್ನಡಕ ಹಾಕಿಕೊಂಡೇ ನೋಡುತ್ತೀರಲ್ಲ. ಕಣ್ಣಿಡುವ ಕಡೆಯ ರಬ್ಬರ್ ಐಕಪ್ಪನ್ನು ತಿರುಗಿಸಿ ಪೂರ್ತಿ ಒಳಗೆ ತಳ್ಳಿದ್ದಿರಾ?

ಅತ್ತೆ: ಅದು ತಿರುಗುತ್ತದೆ ಅಂತ ಯಾರು ಹೇಳಿದರು?

ಪುಟ್ಟ: 😶

ನಾನು: ಕನ್ನಡಕದವರು ಅದನ್ನು ಒಳಗೆ ಇಳಿಸಬೇಕು, ಇಲ್ಲದವರು ಹೊರಗೆ ಎತ್ತಬೇಕು. ಅದರ ಜೊತೆ ಐ ರಿಲೀಫ್ ನೋಡಬೇಕು. ಅಂದರೆ ಕಣ್ಣು ಲೆನ್ಸಿನಿಂದ ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಎನ್ನುವ ಅಳತೆ. ಕನ್ನಡಕಕ್ಕೆ 17, 18 ಮಿ.ಮೀ. ಇದ್ದರೆ ಒಳ್ಳೆಯದು. ಎನ್‌ಎಲ್ ಪ್ಯೂರ್ 8×42ಕ್ಕೆ 18, ಎಸ್‌ಎಫ್ 8×32ಕ್ಕೆ 19, ಮೊನಾರ್ಕ್ ಎಚ್‌ಜಿ 8×42ಕ್ಕೆ 17.8. ಆದರೆ ಈ ಅಳತೆ ಸಾಮಾನ್ಯವಾಗಿ ಗಾಜಿನಿಂದ ಶುರು, ಐಕಪ್ಪಿನ ಅಂಚಿನಿಂದಲ್ಲ. ಕೈಗೆ ಸಿಗುವುದು ಸ್ವಲ್ಪ ಕಡಿಮೆ. ಹಾಕಿ ನೋಡದೆ ಕೊಳ್ಳಬಾರದು.

ಅತ್ತೆ: ಕನ್ನಡಕ ತೆಗೆದು ನೋಡಿದರೆ ಆಗದೇ?

ನಾನು: ಬರೀ ದೂರದೃಷ್ಟಿ, ಸಮೀಪದೃಷ್ಟಿಯ ತೊಂದರೆ ಆದರೆ ಫೋಕಸ್ ಚಕ್ರವೇ ಸರಿಮಾಡುತ್ತದೆ. ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ. ಅದನ್ನು ಚಕ್ರ ತಿದ್ದುವುದಿಲ್ಲ. ಹಾಕಿಕೊಂಡೇ ನೋಡಿ.

ಅಕ್ಕ: ಈಗ ನೋಡಿ, ನಮ್ಮ ಜಗಳ ಎಲ್ಲೋ ಹೋಗಿತ್ತು. ಒಬ್ಬರೇ ಇಟ್ಟುಕೊಳ್ಳುವುದಾದರೆ ಎಂಟು ಹತ್ತು ಅವರವರ ಇಷ್ಟ. ಇದು ಆರು ಜನರ ಕೈಗೆ ಹೋಗುವ ವಸ್ತು. ಅತ್ತೆಯ ಕನ್ನಡಕಕ್ಕೆ ಆಗದಿದ್ದರೆ ಪಟ್ಟು ಎಷ್ಟಿದ್ದರೇನು? ನನ್ನ ಕಣ್ಣುಗಳ ನಡುವಿನ ಅಂತರವೂ ಕಡಿಮೆ. ಹಲವು ಮಾದರಿಗಳು 56 ಮಿ.ಮೀ.ಗಿಂತ ಒಳಗೆ ಮಡಚುವುದಿಲ್ಲ. ದಪ್ಪ ಕೊಳವೆ ಆದರೆ ಮೂಗಿಗೂ ಒತ್ತುತ್ತದೆ.

ಚಿಕ್ಕಪ್ಪ: ಹಂಚಿಕೊಳ್ಳುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಹಳೆಯದು ನನಗೆ ಯಾವಾಗಲೂ ಮಸುಕು. ಅದೂ ಎಂಟೇ. ಅದಕ್ಕೇ ನನಗೆ ಎಂಟು ಬೇಡ.

ಅಕ್ಕ: ಅದು ಎಂಟರ ತಪ್ಪಲ್ಲ ಚಿಕ್ಕಪ್ಪ. ಪುಟ್ಟ ನೋಡುವಾಗ ಡಯಾಪ್ಟರ್, ಅಂದರೆ ಒಂದು ಕಣ್ಣಿಗೆ ಮಾತ್ರ ಫೋಕಸ್ ಹೊಂದಿಸುವ ಉಂಗುರ, ತಿರುಗಿಸಿರುತ್ತಾನೆ. ಆಮೇಲೆ ಅದು ನಿಮ್ಮ ಕೈಗೆ ಬರುತ್ತದೆ.

ಪುಟ್ಟ: ನನ್ನ ಕಣ್ಣಿಗೆ ಹೊಂದಿಸಿಕೊಂಡೆ. ಅದರಲ್ಲಿ ಏನು ತಪ್ಪು?

ನಾನು: ತಪ್ಪೇನಿಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಚಕ್ರದಿಂದ ಫೋಕಸ್ ಮಾಡಬೇಕು. ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಡಯಾಪ್ಟರ್ ತಿರುಗಿಸಬೇಕು. ಅಲ್ಲಿ ಎಷ್ಟು ಗೆರೆ ಬಂತು ಎಂದು ಒಬ್ಬೊಬ್ಬರೂ ನೆನಪಿಟ್ಟುಕೊಳ್ಳಲಿ. ಕೈಗೆ ಬಂದ ಕೂಡಲೇ ತಮ್ಮ ಗೆರೆಗೆ ಇಡಲಿ. ಗೆರೆ ಸ್ಪಷ್ಟವಾಗಿ ಕಾಣುವ, ತಾನಾಗಿ ಸರಿಯದ ಡಯಾಪ್ಟರ್ ನಮಗೆ ಬೇಕೇ ಬೇಕು.

ಚಿಕ್ಕಪ್ಪ: ಹಾಗಾದರೆ ಇಷ್ಟು ದಿನ ನಾನು ಇವನ ಕಣ್ಣಿನಲ್ಲಿ ನೋಡುತ್ತಿದ್ದೆನೇ?

ಪುಟ್ಟ: ಅದಕ್ಕೇ ಅಪ್ಪಾ ನಿಮಗೆ ಹದ್ದು ಗಿಡುಗ ಎಲ್ಲ ಒಂದೇ 🤣

ಭಾವ: ಕೆರೆಯ ಆ ದಡದ ಬಾತುಗಳು ಮಾವನಿಗೆ ಬೇಕು ಎನ್ನುವುದು ಉಳಿಯಿತು.

ಅಕ್ಕ: ಅಷ್ಟು ದೂರಕ್ಕೆ ಹತ್ತೂ ಸಾಲದು. ಅದಕ್ಕೆ ಸ್ಟ್ಯಾಂಡಿನ ಮೇಲೆ ಇಡುವ ಸ್ಪಾಟಿಂಗ್ ಸ್ಕೋಪ್ ಬೇಕು, 20ರಿಂದ 60 ಪಟ್ಟಿನದು. ಬಿಸಿಲು ಏರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗುತ್ತದೆ. ಆಗ ಪಟ್ಟು ಹೆಚ್ಚಿಸಿದಷ್ಟೂ ನಡುಕವೇ ದೊಡ್ಡದಾಗುತ್ತದೆ.

ಅತ್ತೆ: ಅಂಗಡಿಗೆ ಎಲ್ಲರೂ ಹೋಗೋಣ. ಸಂಜೆ ಹೊತ್ತಿಗೆ. ನನ್ನ ಎರಡೂ ಕನ್ನಡಕ ತರುತ್ತೇನೆ.

ಅಕ್ಕ: (ಪೋಲ್) ಯಾವುದು? 8×32 / 8×42 / 10×42

ಭಾವ: 8×32.

ಅತ್ತೆ: ಕಪ್ಪು ಕಾಣದ್ದಕ್ಕೆ ಎಲ್ಲಿ ಒತ್ತಬೇಕು?

ನಾನು: 8×42. ಎನ್‌ಎಲ್, ಎಸ್‌ಎಫ್, ಮೊನಾರ್ಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಅತ್ತೆಗೆ ಪೂರ್ತಿ ಚಿತ್ರ ಕಾಣದ್ದು, ಅಕ್ಕನ ಮೂಗಿಗೆ ಒತ್ತುವುದು ಎರಡೂ ಮೊದಲೇ ಪಟ್ಟಿಯಿಂದ ಹೊರಗೆ. ಉಳಿದವನ್ನು ಅಂಗಡಿಯ ಹೊರಗೆ ತಂದು ಮಬ್ಬು ಬೆಳಕಿನಲ್ಲಿ, ಬಿಳಿ ಆಕಾಶದ ಮುಂದೆ ಹಿಡಿಯೋಣ. ಅಲ್ಲಿ ಚಿಕ್ಕಪ್ಪ ಹೇಳಿದ ನೇರಳೆ ಅಂಚು ಮೊನಾರ್ಕ್‌ನಲ್ಲಿ ಕಾಡದಿದ್ದರೆ ಅದನ್ನೇ ಕೊಳ್ಳೋಣ, ಉಳಿದ ದುಡ್ಡು ಸ್ಕೋಪಿಗೆ.

ಅಕ್ಕ: ಚಿಕ್ಕಪ್ಪ, 8×42ಕ್ಕೂ 10×42ಕ್ಕೂ ಎರಡಕ್ಕೂ ಒತ್ತಿದ್ದೀರಿ.

ಚಿಕ್ಕಪ್ಪ: ಒತ್ತಲು ಬಿಟ್ಟಿತು, ಒತ್ತಿದೆ. ಸ್ಕೋಪ್ ಖಚಿತವಾದರೆ ಹತ್ತನ್ನು ತೆಗೆಯುತ್ತೇನೆ.

ಭಾವ: ಮಾವ, ಸ್ಕೋಪ್ ಹೊರುವವರು ಯಾರು?

ಚಿಕ್ಕಪ್ಪ: ಪುಟ್ಟ ಇದ್ದಾನಲ್ಲ.